ಕಾವಿಗೆ ಕೂತ ಕಟ್ಟಿಗೆ

ಒಲೆಗೆ ಹಾಕಿದ ಕಟ್ಟಿಗೆಯ ತುದಿಯಲ್ಲಿ ನೊರೆ ಬರುತ್ತಿತ್ತು. ಮೊದಲ ಸಲ ನೋಡಿದಾಗ ಏನೋ ವಿಶೇಷ ಅನ್ನಿಸಿತು. ಗಾಜಿನ ಬಾಗಿಲಿನಾಚೆ ಕೊರಡು ಸುಂಯ್ ಅಂತ ಸದ್ದು ಮಾಡುತ್ತಿದೆ. ಕೊಯ್ದ ತುದಿಯಿಂದ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತಿವೆ. ನಾವಿಬ್ಬರೂ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು, ಟಿವಿ ನೋಡುವ ಹಾಗೆ ಅದನ್ನೇ ನೋಡುತ್ತಾ ಕೂತೆವು. ಅರ್ಧ ಗಂಟೆಯಾದರೂ ಕೋಣೆ ಬೆಚ್ಚಗಾಗಲಿಲ್ಲ. ಗಾಜು ಮಾತ್ರ ಕಪ್ಪಾಯಿತು.

"ರೀ, ಇದು ಉರೀತಿದೆಯಾ, ಬೇಯ್ತಿದೆಯಾ?" ಅಂದಳು ಹೆಂಡತಿ.

ಬೇಯುತ್ತಿತ್ತು. ಅದು ಗೊತ್ತಾಗಲು ನನಗೆ ಒಂದಿಡೀ ಚಳಿಗಾಲ ಬೇಕಾಯಿತು.

ನೀರು ಹೆಪ್ಪುಗಟ್ಟುವಷ್ಟು ಚಳಿಯಿರುವ ಜಾಗಕ್ಕೆ ನಾವು ಆಗಷ್ಟೇ ಬಂದಿದ್ದೆವು. ಮನೆಯಲ್ಲಿ ಕಪ್ಪು ಕಬ್ಬಿಣದ ಒಲೆ ಒಂದಿತ್ತು. ಅದರ ಬೆನ್ನಿಂದ ಹೊರಟ ಪೈಪು ಗೋಡೆಯೊಳಗಿನ ಚಿಮಣಿಗೆ ಸೇರುತ್ತಿತ್ತು. ಒಲೆ ಇದೆ, ಚಿಮಣಿ ಇದೆ, ಕಟ್ಟಿಗೆ ತಂದರೆ ಆಯಿತು, ಇನ್ನೇನು ಬೇಕು ಅಂದುಕೊಂಡೆ. ಕಟ್ಟಿಗೆ ಮಾರಿದವರು "ಒಣಗಿದೆ" ಅಂದಿದ್ದರು. ಮುಟ್ಟಿ ನೋಡಿದೆ, ಒಣಗಿತ್ತು. ಮೈ ಒಣಗಿ ಒಳಗೆ ಹಸಿಯಾಗಿರುವುದು ಹೇಗೆ ಅಂತ ಆಗ ಗೊತ್ತಿರಲಿಲ್ಲ.

ಆಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರಿರುತ್ತದೆ. 10 ಕಿಲೋ ಹಸಿ ಕಟ್ಟಿಗೆ ಹೊತ್ತು ತಂದರೆ 5 ಲೀಟರ್ ನೀರನ್ನೂ ಹೊತ್ತು ತಂದಂತೆ. ಆ ನೀರನ್ನು ಕಾಯಿಸಿ ಆವಿ ಮಾಡಿ ಹೊರಗೆ ಕಳಿಸುವ ಕೆಲಸವೂ ಬೆಂಕಿಯದ್ದೇ. ವಿದ್ಯುತ್ತಿನ ಲೆಕ್ಕದಲ್ಲಿ ಹೇಳುವುದಾದರೆ, 1 ಲೀಟರ್ ತಣ್ಣೀರನ್ನು ಪೂರ್ತಿ ಆವಿ ಮಾಡಲು ಸುಮಾರು 0.7 ಯೂನಿಟ್ ಬೇಕು. 5 ಲೀಟರಿಗೆ ಮೂರೂವರೆ. ಉಳಿದ 5 ಕಿಲೋ ಮರದಲ್ಲಿರುವುದು ಸುಮಾರು 25 ಯೂನಿಟ್ ಶಾಖ. ಅಂದರೆ ಏಳರಲ್ಲಿ ಒಂದು ಪಾಲು ಹೋಯಿತು. ನಷ್ಟ ಅಷ್ಟೇ ಆಗಿದ್ದರೆ, ಹೋಗಲಿ ಬಿಡು, ಇನ್ನೊಂದು ತುಂಡು ಹಾಕಿದರಾಯಿತು ಅನ್ನಬಹುದಿತ್ತು.

ತೊಂದರೆ ಇರುವುದು ಬೇರೆ ಕಡೆ. ಕಟ್ಟಿಗೆ ಉರಿಯುತ್ತದೆ ಅಂತ ನಾವು ಬಾಯಿಮಾತಿಗೆ ಹೇಳುತ್ತೇವೆ. ಸರಿಯಾಗಿ ನೋಡಿದರೆ ಆ ಜ್ವಾಲೆಯಲ್ಲಿ ಉರಿಯುವುದು ಕಟ್ಟಿಗೆಯಿಂದ ಹೊರಟ ಹೊಗೆ. ಮೊದಲು ನೀರು ಹೋಗುತ್ತದೆ. ಕಾವು 200 ಡಿಗ್ರಿ ದಾಟಿದ ಮೇಲೆ ಮರವೇ ಒಡೆಯತೊಡಗಿ, ಒಳಗಿಂದ ಬಗೆಬಗೆಯ ಅನಿಲ ಹೊರಡುತ್ತದೆ. ಗಾಳಿ ಸಿಕ್ಕಿ, ಸುಮಾರು 600 ಡಿಗ್ರಿ ಕಾವೂ ಸಿಕ್ಕಿದರೆ ಆ ಅನಿಲ ಪೂರ್ತಿ ಉರಿಯುತ್ತದೆ. ಕಟ್ಟಿಗೆಯ ಅರ್ಧಕ್ಕಿಂತ ಜಾಸ್ತಿ ಶಾಖ ಇರುವುದು ಅದರಲ್ಲೇ. ಅದೆಲ್ಲ ಮುಗಿದ ಮೇಲೆ ಉಳಿಯುವ ಇದ್ದಲು ಜ್ವಾಲೆಯಿಲ್ಲದೆ ನಿಗಿನಿಗಿ ಕೆಂಡವಾಗಿ ಕೊನೆಯವರೆಗೂ ಕಾವು ಕೊಡುತ್ತದೆ. ಒಲೆಯೊಳಗೆ ನೀರು ಕುದಿಯುತ್ತಿದ್ದರೆ ಕಾವು 600ರ ಹತ್ತಿರವೂ ಹೋಗುವುದಿಲ್ಲ. ಅನಿಲ ಉರಿಯದೆ ಹೊಗೆಯಾಗಿಯೇ ಪೈಪು ಹತ್ತುತ್ತದೆ. ನಾವು ಕಾಸು ಕೊಟ್ಟು ತಂದ ಶಾಖ ನಮ್ಮ ಕಣ್ಣೆದುರೇ ಮೇಲೆ ಹೋಗುತ್ತಿತ್ತು. ನಾವು ಒಲೆ ಮುಂದೆ ಕೈ ಚಾಚಿಕೊಂಡು ಕೂತಿದ್ದೆವು.

ಇದು ಸಾಲದು ಅಂತ ನಾನು ಇನ್ನೊಂದು ಬುದ್ಧಿವಂತಿಕೆ ಮಾಡಿದೆ. ರಾತ್ರಿಯೆಲ್ಲ ಬೆಂಕಿ ಇರಲಿ ಅಂತ ಮಲಗುವ ಮುಂಚೆ ದಪ್ಪ ದಪ್ಪ ಕೊರಡು ತುರುಕಿ, ಗಾಳಿ ಕಿಂಡಿಯನ್ನು ಪೂರ್ತಿ ಮುಚ್ಚಿಬಿಡುತ್ತಿದ್ದೆ. ಬೆಳಿಗ್ಗೆ ನೋಡಿದರೆ ಅರ್ಧ ಕರಕಲಾದ ಕೊರಡು ಹಾಗೇ ಇರುತ್ತಿತ್ತು. ಕೆದಕಿದರೆ ಕೆಂಡವೂ ಸಿಗುತ್ತಿತ್ತು. ನೋಡು, ಎಷ್ಟು ಉಳಿತಾಯ ಅಂತ ಬೀಗಿದ್ದೂ ಉಂಟು. ಕಟ್ಟಿಗೆ ಒಲೆ ಇಟ್ಟುಕೊಂಡ ಹೊಸಬರೆಲ್ಲ ಈ ತಪ್ಪು ಮಾಡುತ್ತಾರೆ ಅಂತ ಆಮೇಲೆ ತಿಳಿಯಿತು. ಆಗ ಸಮಾಧಾನ ಆಯಿತೋ ನಾಚಿಕೆ ಆಯಿತೋ ಹೇಳಲಾರೆ.

ಚಳಿಗಾಲ ಮುಗಿಯುತ್ತಾ ಬಂದಿತ್ತು. ಒಂದು ಸಂಜೆ ಹೆಂಡತಿ ಯಾರೋ ಕೊಟ್ಟ ಹಳೇ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿಗೇ ಒಲೆಗೆ ಹಾಕಿದಳು. ಭಗ್ ಅಂತ ಹತ್ತಿಕೊಂಡವು. ಎರಡು ನಿಮಿಷ ಕಳೆದಿರಬೇಕು. ಪೈಪಿನೊಳಗೆ ಒಂದು ಸದ್ದು ಶುರುವಾಯಿತು. ಮೊದಲು ಗಾಳಿ ಬೀಸಿದ ಹಾಗೆ, ಆಮೇಲೆ ಲೋಡು ತುಂಬಿದ ಲಾರಿ ಏರು ಹತ್ತುವ ಹಾಗೆ.

"ರೀ, ಆ ಪೈಪು ಯಾಕೆ ಹಂಗೆ ಸದ್ದು ಮಾಡ್ತಿದೆ?"

ಹೊರಗೆ ಓಡಿ ನೋಡಿದೆ. ಚಿಮಣಿಯ ಬಾಯಿಂದ ಕಿಡಿ ಚಿಮ್ಮುತ್ತಿತ್ತು. ಒಳಗೆ ಬಂದು ಗಾಳಿ ಕಿಂಡಿ ಮುಚ್ಚಿದೆ, ಬಾಗಿಲು ಭದ್ರ ಮಾಡಿದೆ. ಇಬ್ಬರೂ ಮನೆಯಿಂದ ಹೊರಗೆ ಬಂದು ಅಗ್ನಿಶಾಮಕದವರಿಗೆ ಫೋನ್ ಮಾಡಿದೆವು. ಆಗ ನಾನು ಮಾಡಿದ ಸರಿಯಾದ ಕೆಲಸ ಅಂದರೆ ಇಷ್ಟೇ. ನೀರು ಸುರಿಯಲಿಲ್ಲ ಅನ್ನುವುದು ಎರಡನೆಯದು. ಕಾದ ಚಿಮಣಿಗೆ ತಣ್ಣೀರು ಬಿದ್ದರೆ ಇಟ್ಟಿಗೆ, ಕೊಳವೆ ಎಲ್ಲ ಸೀಳಿಬಿಡುತ್ತವೆ. ಚಿಮಣಿಯೊಳಗೆ ಹೀಗೆ ಬೆಂಕಿ ಹತ್ತಿದರೆ ಕಾವು 1000 ಡಿಗ್ರಿ ಮುಟ್ಟಬಹುದು. ಗೋಡೆಯೊಳಗೆ ಚಿಮಣಿಗೆ ಅಂಟಿಕೊಂಡ ಮರದ ತೊಲೆ ಇದ್ದರೆ ಮನೆಯ ಕತೆ ಮುಗಿಯಿತು. ನಮ್ಮ ಮನೆ ಉಳಿಯಿತು. ಚಿಮಣಿಯೊಳಗಿನ ಸುಟ್ಟ ಮಣ್ಣಿನ ಕೊಳವೆ ಮಾತ್ರ ಒಂದು ಕಡೆ ಉದ್ದಕ್ಕೆ ಬಿರುಕು ಬಿಟ್ಟಿತ್ತು.

ವಾರದ ನಂತರ ಚಿಮಣಿ ತೆಗೆದು ನೋಡಲು ಒಬ್ಬರು ಬಂದರು. ಉದ್ದನೆಯ ಸರಳಿಗೆ ತಂತಿ ಬ್ರಷ್ ಸಿಕ್ಕಿಸಿ ಉಜ್ಜಿದರು. ಕೆಳಗೆ ಬಕೆಟ್ ತುಂಬಾ ಕರಿ ಹಕ್ಕಳೆ ಬಿತ್ತು. ಒಂದನ್ನು ಕೈಗೆತ್ತಿಕೊಂಡು ತೋರಿಸಿದರು. ಒಂದು ಮಗ್ಗುಲು ಮಸಿ, ಇನ್ನೊಂದು ಮಗ್ಗುಲು ಡಾಂಬರಿನ ಹಾಗೆ ಮಿರಮಿರ ಹೊಳೆಯುತ್ತಿತ್ತು. ಇದಕ್ಕೆ ಕ್ರಿಯೋಸೋಟ್ ಅನ್ನುತ್ತಾರೆ. ಉರಿಯದ ಹೊಗೆ ಪೈಪು ಹತ್ತುವಾಗ ಪೈಪಿನ ಒಳಮೈ 120 ಡಿಗ್ರಿಗಿಂತ ತಣ್ಣಗಿದ್ದರೆ, ತಣ್ಣನೆ ಲೋಟದ ಮೇಲೆ ಹನಿ ಕೂರುವ ಹಾಗೆ ಹೊಗೆಯ ಎಣ್ಣೆ ಅಂಶ ಅಲ್ಲಿ ಕೂರುತ್ತದೆ. ದಿನದಿನಕ್ಕೂ ಒಂದೊಂದು ಪದರ. ಒಂದು ದಿನ ಜೋರು ಬೆಂಕಿ ಬಿದ್ದಾಗ ಅದೇ ಹೊತ್ತಿಕೊಳ್ಳುತ್ತದೆ.

"ಸಾರ್, ನೀವು ಕಟ್ಟಿಗೆ ಉಳಿಸಿಲ್ಲ. ತಗೊಂಡು ಹೋಗಿ ಚಿಮಣಿ ಒಳಗೆ ಅಂಟಿಸಿ ಇಟ್ಟಿದ್ದೀರ" ಅಂದರು ಅವರು. ನಗಲಿಲ್ಲ. ನನಗೂ ನಗು ಬರಲಿಲ್ಲ.

ಅವರು ಹೋಗುವ ಮುಂಚೆ ಇನ್ನೂ ಒಂದಷ್ಟು ಹೇಳಿದರು. ಚಿಮಣಿ ಅಂದರೆ ಹೊಗೆ ಹೋಗುವ ತೂತು ಅಂತ ನಾನು ಅಂದುಕೊಂಡಿದ್ದೆ. ಅದು ಒಲೆಯ ಎಂಜಿನ್. ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಅದು ಏರಿದ ಜಾಗಕ್ಕೆ ಕೆಳಗಿನಿಂದ ಹೊಸ ಗಾಳಿ ಎಳೆದುಕೊಳ್ಳುತ್ತದೆ. ಚಿಮಣಿ ಎತ್ತರವಿದ್ದಷ್ಟು, ಒಳಗೆ ಬಿಸಿಯಿದ್ದಷ್ಟು ಎಳೆತ ಜಾಸ್ತಿ. ಹಾಗಾಗಿ ಚಿಮಣಿಯ ತಲೆ ಸೂರಿನಿಂದ ಕನಿಷ್ಠ 3 ಅಡಿ ಮೇಲಿರಬೇಕು, ಸುತ್ತ 10 ಅಡಿಯೊಳಗೆ ಏನಿದ್ದರೂ ಅದಕ್ಕಿಂತ 2 ಅಡಿ ಎತ್ತರವಿರಬೇಕು ಅನ್ನುವ ಲೆಕ್ಕ ಬಂದಿದೆ. ಇಲ್ಲದಿದ್ದರೆ ಸೂರಿಗೆ ಬಡಿದು ತಿರುಗಿದ ಗಾಳಿ ಹೊಗೆಯನ್ನು ಕೆಳಗೇ ನೂಕುತ್ತದೆ. ಅಡುಗೆಮನೆಯ ಫ್ಯಾನ್ ಹಾಕಿದಾಗ ಒಲೆ ಹೊಗೆ ಕಾರುವುದೂ ಇದಕ್ಕೇ. ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಫ್ಯಾನ್ ಗಾಳಿ ಹೊರಗೆ ಹಾಕಿದರೆ, ಆ ಜಾಗ ತುಂಬಲು ಗಾಳಿ ಚಿಮಣಿಯಿಂದಲೇ ಇಳಿದು ಬರುತ್ತದೆ. ಹೊಗೆಯಾದರೆ ಕಣ್ಣಿಗೆ ಕಾಣುತ್ತದೆ. ಜೊತೆಗೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ ಅಷ್ಟೇ. ಅದನ್ನು ಹಿಡಿದು ಕಿರುಚುವ ಅಂಗೈಯಗಲದ ಅಲಾರಾಂ ಒಂದಿದೆ. ಈ ಬರಹದಲ್ಲಿ ಬರುವ ಎಲ್ಲ ಸಾಮಾನಿನಲ್ಲಿ ಮೊದಲು ಕೊಳ್ಳಬೇಕಾದ್ದು ಅದು, ಒಲೆಗಿಂತಲೂ ಮೊದಲು.

ಕೊಳವೆ ಬದಲಾಯಿತು. ಒಳಗೆ ಸ್ಟೀಲಿನ ಪೈಪು, ಸುತ್ತ ಶಾಖ ಹಿಡಿಯುವ ಹೊದಿಕೆ. ಪೈಪು ಬಿಸಿಯಾಗಿದ್ದರೆ ಕ್ರಿಯೋಸೋಟ್ ಕೂರುವುದಿಲ್ಲ, ಎಳೆತವೂ ಚೆನ್ನಾಗಿರುತ್ತದೆ. ಆ ಖರ್ಚಿನಲ್ಲಿ ಹೀಟರ್ ಹಾಕಿಕೊಂಡು ಹಾಯಾಗಿ ಇರಬಹುದಿತ್ತಲ್ಲ ಅಂತ ಹೆಂಡತಿ ಒಂದು ಸಲ, ಒಂದೇ ಸಲ, ಹೇಳಿದಳು.

ಆ ಬೇಸಿಗೆ ನಾನು ಒಲೆಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಹೊಗೆ ಮತ್ತು ಎಳೆತದ ತಲೆನೋವು ನನಗೊಬ್ಬನಿಗೇ ಬಂದದ್ದಲ್ಲ. ಬೆಂಜಮಿನ್ ಫ್ರಾಂಕ್ಲಿನ್ 1742ರ ಸುಮಾರಿಗೆ ಕಬ್ಬಿಣದ ಒಲೆಯೊಂದನ್ನು ರೂಪಿಸಿದ. ಅದಕ್ಕೆ ಪೇಟೆಂಟ್ ಕೊಡುತ್ತೇವೆ ಅಂದಾಗ ಬೇಡ ಅಂದ. ಹೊಗೆಯನ್ನು ಮೊದಲು ಕೆಳಕ್ಕೆ ಇಳಿಸಿ, ಅದರ ಶಾಖ ಹೀರಿ, ಆಮೇಲೆ ಚಿಮಣಿಗೆ ಬಿಡುವುದು ಅವನ ಯೋಚನೆ. ಹೊಗೆಗೆ ಇಳಿಯುವ ಮನಸ್ಸಿರಲಿಲ್ಲ, ಒಲೆ ಸರಿಯಾಗಿ ಉರಿಯಲಿಲ್ಲ. ಬೇರೆಯವರು ಆ ಭಾಗವನ್ನೇ ತೆಗೆದು ಹಾಕಿದ ಮೇಲೆ ಫ್ರಾಂಕ್ಲಿನ್ ಒಲೆ ಅಂತ ಮನೆಮನೆಗೂ ಬಂತು. 1796ರಲ್ಲಿ ಇನ್ನೊಬ್ಬ ಬೆಂಜಮಿನ್, ಕೌಂಟ್ ರಮ್‌ಫರ್ಡ್ ಅಂತ ಹೆಸರಾದ ಬೆಂಜಮಿನ್ ಥಾಂಪ್ಸನ್, ಗೋಡೆಯ ಬೆಂಕಿಗೂಡಿನ ಬಗ್ಗೆ ಬರೆದ. ಗೂಡಿನ ಆಳ ಕಮ್ಮಿ ಮಾಡಿ, ಪಕ್ಕದ ಗೋಡೆಗಳನ್ನು ಓರೆ ಮಾಡಿ, ಹೊಗೆ ಹೋಗುವ ಕತ್ತನ್ನು ಕಿರಿದು ಮಾಡಿದ. ಹೊಗೆ ಮೇಲಕ್ಕೆ, ಕಾವು ಕೋಣೆಗೆ. ಇಷ್ಟೆಲ್ಲ ಮಾಡಿದರೂ ತೆರೆದ ಬೆಂಕಿಗೂಡು ನೋಡಲು ಚೆಂದ, ಮನೆ ಬೆಚ್ಚಗಿಡಲು ದಂಡ. ಕಟ್ಟಿಗೆಯ ಶಾಖದಲ್ಲಿ ಹತ್ತರಲ್ಲಿ ಒಂದೆರಡು ಪಾಲು ಕೋಣೆಗೆ ಸಿಕ್ಕರೆ ಹೆಚ್ಚು. ಜೊತೆಗೆ ಕೋಣೆಯ ಬೆಚ್ಚನೆ ಗಾಳಿಯನ್ನೂ ಚಿಮಣಿ ಎಳೆದುಕೊಂಡು ಹೋಗುತ್ತದೆ.

ಈಗಿನ ಮುಚ್ಚಿದ ಒಲೆಗಳು ಹತ್ತರಲ್ಲಿ ಏಳು ಪಾಲು, ಕೆಲವು ಎಂಟರ ಹತ್ತಿರ ಕೊಡುತ್ತವೆ. ಗುಟ್ಟೇನೆಂದರೆ ಅವು ಹೊಗೆಯನ್ನು ಇನ್ನೊಂದು ಸಲ ಸುಡುತ್ತವೆ. ಒಲೆಯ ಮೇಲ್ಭಾಗದಲ್ಲಿ ಸಾಲಾಗಿ ತೂತಿರುವ ಕೊಳವೆಗಳಿರುತ್ತವೆ. ಅಲ್ಲಿಂದ ಕಾದ ಗಾಳಿ ಬಂದು ಹೊಗೆಗೆ ಸೇರುತ್ತದೆ. ಸರಿಯಾಗಿ ಉರಿಯುವಾಗ ಜ್ವಾಲೆ ಕಟ್ಟಿಗೆಯಿಂದ ಬಿಟ್ಟು ಆ ತೂತುಗಳ ಬಾಯಲ್ಲಿ ನೀಲಿ ಕಿತ್ತಳೆ ಬಣ್ಣದಲ್ಲಿ ತೇಲಾಡುತ್ತದೆ. ಕೆಲವು ಒಲೆಗಳಲ್ಲಿ ಇದರ ಬದಲು ಜೇನುಗೂಡಿನಂಥ ಕೆಟಲಿಸ್ಟ್, ಅಂದರೆ ಹೊಗೆ ಕಮ್ಮಿ ಕಾವಿಗೇ ಉರಿಯುವಂತೆ ಮಾಡುವ ಬಿಲ್ಲೆ, ಇರುತ್ತದೆ. ಅದರಲ್ಲಿ ಹೊಗೆ 260 ಡಿಗ್ರಿ ಸುಮಾರಿಗೇ ಉರಿಯುತ್ತದೆ. ಇದಕ್ಕಿಂತ ಹಳೇ ಉಪಾಯ ಇಟ್ಟಿಗೆಯ ಭಾರೀ ಒಲೆ. ತೂಕ ಟನ್ನುಗಟ್ಟಲೆ. ದಿನಕ್ಕೆ ಒಂದೋ ಎರಡೋ ಸಲ ಜೋರಾಗಿ ಉರಿಸಿ ಬಿಟ್ಟರೆ ಹೊಗೆ ಇಟ್ಟಿಗೆಯೊಳಗಿನ ದಾರಿಯಲ್ಲಿ ಸುತ್ತಿ ಸುತ್ತಿ ಹೋಗುತ್ತದೆ. ಇಟ್ಟಿಗೆ ಕಾವು ಹಿಡಿದಿಟ್ಟುಕೊಂಡು ರಾತ್ರಿಯೆಲ್ಲ ನಿಧಾನಕ್ಕೆ ಬಿಡುತ್ತದೆ. ನಾನು ಕಿಂಡಿ ಮುಚ್ಚಿ ಮಾಡಲು ಹೋದದ್ದನ್ನು ಹಳಬರು ಇಟ್ಟಿಗೆಯಿಂದ ಮಾಡಿದರು. ಬೆಂಕಿಯ ಕತ್ತು ಹಿಸುಕಲಿಲ್ಲ.

ಒಲೆ ಕೊಳ್ಳುವವರು ದೊಡ್ಡದೇ ಇರಲಿ ಅನ್ನುತ್ತಾರಲ್ಲ, ಅದು ತಪ್ಪು. ಗಂಟೆಗೆ ಒಂದೂವರೆ ಕಿಲೋ ಒಣ ಕಟ್ಟಿಗೆ ಉರಿದರೆ ಸುಮಾರು 6 ಯೂನಿಟ್ ಶಾಖ. ಅದರಲ್ಲಿ ಮುಕ್ಕಾಲು ಪಾಲು ಕೋಣೆಗೆ ಸಿಕ್ಕರೂ ನಾಲ್ಕೂವರೆ. 2 ಕಿಲೋವ್ಯಾಟಿನ ಎರಡು ಹೀಟರ್ ಒಟ್ಟಿಗೆ ಉರಿದದ್ದಕ್ಕಿಂತ ಜಾಸ್ತಿ. ಸಣ್ಣ ಮನೆಗೆ ದೊಡ್ಡ ಒಲೆ ತಂದರೆ ಸೆಕೆಯಾಗಿ ಕಿಂಡಿ ಮುಚ್ಚಲೇಬೇಕಾಗುತ್ತದೆ. ಮುಚ್ಚಿದರೆ ಮತ್ತೆ ಅದೇ ಡಾಂಬರು.

ಇನ್ನು ಕೊಡಲಿಯ ವಿಷಯ. ಮೊದಲ ವರ್ಷ ಮರ ಕಡಿಯುವ ತೆಳು ಬಾಯಿಯ ಕೊಡಲಿಯಲ್ಲಿ ಕೊರಡು ಸೀಳಲು ಹೋಗಿ, ಏಟು ಹಾಕಿದ ಕಡೆಯೆಲ್ಲ ಅದು ಕಚ್ಚಿಕೊಂಡು ಕೂರುತ್ತಿತ್ತು. ಕೀಳಲು ಕಾಲು ಗಂಟೆ. ಕಡಿಯುವುದೇ ಬೇರೆ, ಸೀಳುವುದೇ ಬೇರೆ. ಕಡಿಯುವುದು ಎಳೆಗೆ ಅಡ್ಡ, ಅದಕ್ಕೆ ಹರಿತ ಬೇಕು. ಸೀಳುವುದು ಎಳೆಯ ಜೊತೆ, ಅದಕ್ಕೆ ಅಗಲ ಬೇಕು. ಸೀಳಲೆಂದೇ ಬೆಣೆಯ ಹಾಗೆ ದಪ್ಪ ತಲೆಯ ಕೊಡಲಿ ಬರುತ್ತದೆ, ತಲೆಯೇ ಎರಡೂವರೆ ಮೂರು ಕಿಲೋ. ಅದಕ್ಕೆ ಅಷ್ಟೇನೂ ಹರಿತ ಬೇಡ.

ಕೊಡಲಿ ಎತ್ತುವ ಮುಂಚೆ ಈಗ ನಾನು ಕೊರಡನ್ನು ಓದುತ್ತೇನೆ. ಒಣಗುವಾಗ ಮುಖದ ಮೇಲೆ ನಡುವಿನಿಂದ ಹೊರಕ್ಕೆ ಸಣ್ಣ ಬಿರುಕುಗಳು ಎದ್ದಿರುತ್ತವೆ. ಮರವೇ ಎಲ್ಲಿ ಸೀಳು ಅಂತ ಗೆರೆ ಎಳೆದುಕೊಟ್ಟ ಹಾಗೆ. ಗಂಟಿರುವ ಕಡೆ ಕೆಳಗೆ ಮಾಡಿ ನಿಲ್ಲಿಸಬೇಕು. ದೊಡ್ಡ ಕೊರಡಾದರೆ ನಡುವಿಗೆ ಹೊಡೆಯದೆ ಅಂಚಿನಿಂದ ಚಕ್ಕೆ ಚಕ್ಕೆಯಾಗಿ ಎಬ್ಬಿಸಬೇಕು. ಕಾಲು ಅಗಲಿಸಿ ನಿಂತು, ಕಣ್ಣನ್ನು ಬಿರುಕಿನ ಮೇಲೆ ಇಟ್ಟು, ತೋಳಿಗಿಂತ ಕೊಡಲಿಯ ತೂಕಕ್ಕೇ ಕೆಲಸ ಬಿಡಬೇಕು. ಸರಿಯಾಗಿ ಬಿದ್ದ ಏಟು ಕಿವಿಗೇ ಗೊತ್ತಾಗುತ್ತದೆ. ಟಕ್ ಅನ್ನುವುದು ಸೋತ ಸದ್ದು. ಠಣ್ ಅಂತ ಬಿಚ್ಚಿಕೊಂಡು ಎರಡು ಹೋಳು ಎರಡು ಕಡೆ ಬಿದ್ದಾಗ ಒಳಗಿನ ಹಸಿ ಮರದ ವಾಸನೆ ಮೂಗಿಗೆ ಬಡಿಯುತ್ತದೆ. ನಡುವೆ ಕೊಡಲಿ ಸಿಕ್ಕಿದರೆ ಕಬ್ಬಿಣದ ಬೆಣೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವುದು. ಕಣ್ಣಿಗೆ ಕನ್ನಡಕ ಇಲ್ಲದೆ ಬೆಣೆಗೆ ಹೊಡೆಯಬೇಡಿ. ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಚೂರು ಎಗರುತ್ತದೆ. ಮೋಟಾರ್ ಗರಗಸದ ಬಗ್ಗೆ ಜಾಸ್ತಿ ಹೇಳಲಾರೆ. ಅದನ್ನು ಕಂಡರೆ ನನಗೆ ಈಗಲೂ ಭಯ. ಹೆಲ್ಮೆಟ್ಟು, ಕಿವಿಗೆ ಮುಚ್ಚಳ, ಸರಪಳಿ ತಾಗಿದರೆ ನಾರು ಬಿಟ್ಟುಕೊಂಡು ಅದನ್ನು ನಿಲ್ಲಿಸುವ ದಪ್ಪ ಪ್ಯಾಂಟು, ಇಷ್ಟೂ ಹಾಕಿಕೊಂಡೇ ಸ್ಟಾರ್ಟ್ ಮಾಡುತ್ತೇನೆ. ದಣಿದ ದಿನ ಮುಟ್ಟುವುದೇ ಇಲ್ಲ.

ಕೊಡಲಿಯ ಹಿಡಿಗೆ ಕಾವು ಅನ್ನುತ್ತೇವೆ. ಬಿಸಿಗೂ ಕಾವು ಅನ್ನುತ್ತೇವೆ. ಕೋಳಿ ಮೊಟ್ಟೆಯ ಮೇಲೆ ಕೂರುವುದೂ ಕಾವಿಗೇ. ಕೊಡಲಿ ಕಾವು ಕುಲಕ್ಕೆ ಮೂಲ ಅನ್ನುವ ಗಾದೆ ಚಿಕ್ಕಂದಿನಿಂದ ಕೇಳಿದ್ದೆ. ಮುರಿದ ಕಾವಿನ ಜಾಗಕ್ಕೆ ಹೊಸ ಕಾವು ಕೂರಿಸುತ್ತಾ ಒಂದು ಮಧ್ಯಾಹ್ನ ಹಿತ್ತಲಲ್ಲಿ ಕೂತಿದ್ದಾಗ ಈ ಮೂರೂ ಒಟ್ಟಿಗೆ ತಲೆಗೆ ಬಂದವು. ಮೊದಲನೆಯದು ಕೈಯಲ್ಲಿತ್ತು. ಎರಡನೆಯದಕ್ಕೆ ಇಷ್ಟೆಲ್ಲ ಒದ್ದಾಟ. ಮೂರನೆಯದನ್ನು, ಅಂದರೆ ಸುಮ್ನೆ ಕೂತು ಕಾಯುವುದನ್ನು, ನಾನು ಬಿಟ್ಟುಬಿಟ್ಟಿದ್ದೆ.

ಸೀಳಿದ ಕಟ್ಟಿಗೆ ಒಣಗಲು ಕಮ್ಮಿಯೆಂದರೂ ಒಂದು ಬೇಸಿಗೆ ಬೇಕು. ಓಕ್‌ನಂಥ ಗಟ್ಟಿ ಮರವಾದರೆ ಎರಡು ವರ್ಷ. ಇಡೀ ಕೊರಡಾಗಿ ಬಿಟ್ಟರೆ ತೊಗಟೆ ನೀರನ್ನು ಒಳಗೇ ಹಿಡಿದಿಡುತ್ತದೆ. ಮರದಲ್ಲಿ ನೀರು ಹರಿಯುವುದು ಎಳೆಯ ಉದ್ದಕ್ಕೆ. ಹಾಗಾಗಿ ಕೊಯ್ದ ತುದಿಗಳಿಂದ ಬೇಗ, ಪಕ್ಕದಿಂದ ನಿಧಾನ. ಗಿಡ್ಡ ತುಂಡು, ತೆಳು ಸೀಳು ಬೇಗ ಒಣಗುತ್ತವೆ. ಒಟ್ಟುವಾಗ ನೆಲಕ್ಕೆ ತಾಗದಂತೆ ಅಡಿಗೆ ಎರಡು ಹಲಗೆ, ಗಾಳಿ ಬೀಸುವ ಕಡೆಗೆ ಕೊಯ್ದ ತುದಿ, ಸಾಲುಗಳ ನಡುವೆ ಕೈ ಆಡುವಷ್ಟು ಜಾಗ. ಮೇಲೆ ಮಾತ್ರ ತಗಡು. ನಾನು ಮೊದಲ ವರ್ಷ ಜೋಪಾನ ಅಂತ ಟಾರ್ಪಾಲಿನಲ್ಲಿ ನೆಲದವರೆಗೆ ಸುತ್ತಿ ಕಟ್ಟಿದ್ದೆ. ಬಿಚ್ಚಿದಾಗ ಒಳಗೆ ಅಣಬೆ ಎದ್ದಿತ್ತು.

ಕಟ್ಟಿಗೆ ಕೊಳ್ಳುವಾಗ ಅಳತೆಯ ಗೊಂದಲ ಒಂದಿದೆ. ಕೆಲವು ಕಡೆ ಕಾರ್ಡ್ ಅನ್ನುವ ಅಳತೆ ಬಳಸುತ್ತಾರೆ: 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಒಟ್ಟಣೆ, 128 ಘನ ಅಡಿ. ಅದರಲ್ಲಿ ಮೂರನೇ ಒಂದು ಪಾಲಿನಷ್ಟು ಬರೀ ಗಾಳಿ. ತೂಕದ ಮೇಲೆ ಕೊಂಡರೆ ನೀರಿಗೂ ದುಡ್ಡು ಕೊಡಬೇಕು. ಯಾವ ಮರ ಒಳ್ಳೆಯದು ಅಂತ ಜಗಳವಾಡುವವರಿದ್ದಾರೆ. ಚೆನ್ನಾಗಿ ಒಣಗಿದ ಮೇಲೆ ಕಿಲೋ ಲೆಕ್ಕದಲ್ಲಿ ಎಲ್ಲ ಮರವೂ ಹೆಚ್ಚುಕಡಿಮೆ ಅಷ್ಟೇ ಶಾಖ ಕೊಡುತ್ತದೆ, ಒಳಗೆ ಉಳಿದ ಅಷ್ಟಿಷ್ಟು ತೇವವನ್ನೂ ಸೇರಿಸಿ ತೂಗಿದರೆ ಕಿಲೋಗೆ ಸುಮಾರು 4 ಯೂನಿಟ್. ಗಟ್ಟಿ ಮರ ಅದೇ ಜಾಗದಲ್ಲಿ ಜಾಸ್ತಿ ಕಿಲೋ ಹಿಡಿಸುತ್ತದೆ, ಅಷ್ಟೇ. ಪೈನ್ ಉರಿಸಿದರೆ ಚಿಮಣಿ ಕೆಡುತ್ತದೆ ಅನ್ನುವ ಮಾತೂ ಇದೆ. ಕೆಡಿಸುವುದು ಹಸಿತನ. ಪುಳ್ಳೆಗೆ ಒಣ ಪೈನಿಗಿಂತ ಒಳ್ಳೆಯದು ಇಲ್ಲ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಗೆದ್ದಲಿಗೆ ಮದ್ದು ಹಾಕಿದ ಮರ ಇವನ್ನು ಮಾತ್ರ ಯಾವ ಕಾರಣಕ್ಕೂ ಒಲೆಗೆ ಹಾಕಬಾರದು. ಹಳೇ ಮದ್ದುಗಳಲ್ಲಿ ಆರ್ಸೆನಿಕ್ ಇರುತ್ತಿತ್ತು.

ಒಣಗಿದೆಯಾ ಅಂತ ನೋಡಲು ಹಳಬರ ಉಪಾಯ, ಎರಡು ತುಂಡು ತಗೊಂಡು ಬಡಿಯುವುದು. ಒಣಗಿದ್ದರೆ ಟಣಟಣ, ಹಸಿಯಿದ್ದರೆ ದಬ್. ನನ್ನ ಕಿವಿ ಮೇಲೆ ನನಗೆ ನಂಬಿಕೆ ಹೋಗಿತ್ತು. ಎರಡು ಸೂಜಿಯ ಸಣ್ಣ ಮೀಟರ್ ಕೊಂಡೆ. ಸೂಜಿ ಮರಕ್ಕೆ ಚುಚ್ಚಿದರೆ ನಡುವೆ ವಿದ್ಯುತ್ ಎಷ್ಟು ಹರಿಯುತ್ತದೆ ನೋಡಿ ತೇವ ಶೇಕಡಾ ಎಷ್ಟು ಅಂತ ಹೇಳುತ್ತದೆ. 20ರ ಕೆಳಗೆ ಬರಬೇಕು. ಮೊದಲ ಚಳಿಗಾಲದಲ್ಲಿ ಉಳಿದಿದ್ದ ಕಟ್ಟಿಗೆಯ ಹೊರಮೈಗೆ ಚುಚ್ಚಿದೆ: 17. ಅರೆ, ಚೆನ್ನಾಗಿದೆಯಲ್ಲ! ಅದನ್ನೇ ಸೀಳಿ ಹೊಸ ಮುಖಕ್ಕೆ ಚುಚ್ಚಿದೆ: 34. ಮಾರಿದವರು ಹೇಳಿದ ಒಣ ಎಲ್ಲಿತ್ತು ಅಂತ ಅವತ್ತು ಕಂಡಿತು. ಮೇಲಿನ ಒಂದು ಬೆರಳು ಆಳದಲ್ಲಿ.

ಎರಡನೇ ಚಳಿಗಾಲದ ಬೆಂಕಿ ಬೇರೆಯೇ. ಹಚ್ಚುವ ರೀತಿಯನ್ನೂ ತಿರುವು ಮಾಡಿಕೊಂಡೆ. ಕೆಳಗೆ ದಪ್ಪ ತುಂಡು, ಅದರ ಮೇಲೆ ಸಣ್ಣವು, ಎಲ್ಲಕ್ಕಿಂತ ಮೇಲೆ ಪುಳ್ಳೆ. ಬೆಂಕಿ ಮೇಲಿನಿಂದ ಹಚ್ಚುವುದು. ಕೇಳಿದರೆ ತಲೆಕೆಟ್ಟ ಮಾತು ಅನ್ನಿಸುತ್ತದೆ, ಅಲ್ವಾ? ಕೆಳಗಿನ ಕಟ್ಟಿಗೆಯಿಂದ ಹೊರಟ ಹೊಗೆ ಮೇಲಿನ ಜ್ವಾಲೆಯ ಮೂಲಕವೇ ಹಾದು ಹೋಗಬೇಕು, ಹೋಗುವಾಗ ಉರಿದು ಹೋಗುತ್ತದೆ. ಚಿಮಣಿಯೂ ಬೇಗ ಬಿಸಿಯಾಗಿ ಎಳೆಯಲು ಶುರು ಮಾಡುತ್ತದೆ. ಪೈಪಿಗೆ ಅಯಸ್ಕಾಂತದಲ್ಲಿ ಅಂಟುವ ಥರ್ಮಾಮೀಟರ್ ಹಾಕಿದ್ದೇನೆ. ಮುಳ್ಳು ತಣ್ಣನೆ ಪಟ್ಟಿಯಲ್ಲಿದ್ದರೆ ಗಾಳಿ ಬಿಡುತ್ತೇನೆ, ಕೆಂಪಿಗೆ ಹೋದರೆ ಸ್ವಲ್ಪ ತಗ್ಗಿಸುತ್ತೇನೆ. ಕಿಂಡಿ ಪೂರ್ತಿ ಮುಚ್ಚುವುದು ಕೆಂಡ ಆರಿದ ಮೇಲೆ. ಗಾಳಿ ನುಸುಳದಂತೆ ಒಲೆ ಬಾಗಿಲಿನ ಅಂಚಿಗೆ ಕೂರಿಸಿದ ಹಗ್ಗ ಸವೆದಿದೆಯಾ ನೋಡಲು ಕಾಗದದ ಚೂರು ಇಟ್ಟು ಬಾಗಿಲು ಹಾಕಿ ಎಳೆಯುತ್ತೇನೆ. ಸಲೀಸಾಗಿ ಬಂದರೆ ಹೊಸ ಹಗ್ಗ ಹಾಕುವ ಕಾಲ ಬಂತು. ಗಾಜು ಮಸುಕಾದರೆ ಒದ್ದೆ ಕಾಗದಕ್ಕೆ ಒಲೆಯದ್ದೇ ಬೂದಿ ಅದ್ದಿ ಉಜ್ಜಿದರೆ ಫಳಫಳ. ಈಗ ಉಜ್ಜುವುದು ಅಪರೂಪ.

ಬೂದಿಯ ಮಾತು ಬಂತು. 100 ಕಿಲೋ ಶುದ್ಧ ಮರ ಉರಿದರೆ 1 ಕಿಲೋ ಬೂದಿಯೂ ಸಿಗುವುದಿಲ್ಲ, ತೊಗಟೆ ಇದ್ದರೆ ಸ್ವಲ್ಪ ಜಾಸ್ತಿ. ಅಷ್ಟು ಮೆತ್ತಗೆ ಕಾಣುವ ಬೂದಿಯೊಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಎರಡು ದಿನ ಒಲೆ ಹಚ್ಚಿಲ್ಲವಲ್ಲ ಅಂತ ನಾನೊಮ್ಮೆ ಪ್ಲಾಸ್ಟಿಕ್ ಬಕೆಟ್ಟಿಗೆ ಬೂದಿ ತುಂಬಿ ಮೆಟ್ಟಿಲ ಮೇಲೆ ಇಟ್ಟು ಒಳಗೆ ಹೋದೆ. ಬಂದು ನೋಡುವಾಗ ಬಕೆಟ್ಟಿಗೆ ತಳವೇ ಇರಲಿಲ್ಲ. ಈಗ ಮುಚ್ಚಳವಿರುವ ತಗಡಿನ ಡಬ್ಬ, ಅದೂ ಮನೆಯಿಂದ ದೂರ, ಕಲ್ಲಿನ ಮೇಲೆ.

ಇಷ್ಟೆಲ್ಲ ಕಲಿತ ಮೇಲೂ ಕಟ್ಟಿಗೆ ಒಲೆಯನ್ನು ಹೊಗಳಿ ಅಟ್ಟಕ್ಕೇರಿಸಲು ನನಗೆ ಮನಸ್ಸಿಲ್ಲ. ಎಷ್ಟೇ ಚೆನ್ನಾಗಿ ಉರಿಸಿದರೂ ಕಟ್ಟಿಗೆಯ ಹೊಗೆಯಲ್ಲಿ ಶ್ವಾಸಕೋಶದ ತಳಕ್ಕೆ ಇಳಿಯುವ ಸಣ್ಣ ಕಣಗಳಿರುತ್ತವೆ. ಒತ್ತೊತ್ತಾಗಿ ಮನೆಗಳಿರುವ ಕಡೆ, ಗಾಳಿ ಆಡದ ಕಣಿವೆಯಲ್ಲಿ, ಪಕ್ಕದ ಮನೆಯಲ್ಲಿ ಉಬ್ಬಸದವರಿದ್ದರೆ ನಾನಂತೂ ಹಚ್ಚುವುದಿಲ್ಲ. ಇನ್ನೊಂದು, ನಮ್ಮ ಮನೆ ಬೆಚ್ಚಗಾದದ್ದರಲ್ಲಿ ಒಲೆಗಿರುವಷ್ಟೇ ಪಾಲು ಕಿಟಕಿ ಸಂದಿಗೆ ಹಚ್ಚಿದ ರಬ್ಬರ್ ಪಟ್ಟಿಗೂ ಅಟ್ಟದಲ್ಲಿ ಹಾಸಿದ ದಪ್ಪ ಹೊದಿಕೆಗೂ ಇದೆ. ಅವು ಬಂದ ಮೇಲೆ ಉರಿಸುವ ಕಟ್ಟಿಗೆ ಗಣನೀಯವಾಗಿ ಇಳಿಯಿತು. ಅದರ ಬಗ್ಗೆ ಯಾರೂ ಬ್ಲಾಗ್ ಬರೆಯುವುದಿಲ್ಲ. ರಬ್ಬರ್ ಪಟ್ಟಿಯ ಮುಂದೆ ಕೂತು ಸಂಜೆ ಕಳೆಯಲು ಆಗುವುದಿಲ್ಲವಲ್ಲ.

ಮೊನ್ನೆ ಹಿತ್ತಲಿಗೆ ಹೋಗಿ ಮುಂದಿನ ವರ್ಷದ ಒಟ್ಟಣೆ ನೋಡಿದೆ. ನಾಲ್ಕು ತಿಂಗಳ ಹಿಂದೆ ಸೀಳಿ ಒಟ್ಟಿದ್ದು. ಹೊರಮೈ ಬೂದುಬಣ್ಣಕ್ಕೆ ತಿರುಗಿದೆ. ತುದಿಗಳಲ್ಲಿ ಬಿರುಕು ಎದ್ದಿದೆ. ತೊಗಟೆ ಬೆರಳಲ್ಲಿ ಮೀಟಿದರೆ ಕಳಚಿ ಬರುತ್ತದೆ. ನಡುಸಾಲಿನಿಂದ ಒಂದು ತುಂಡು ಎಳೆದು ಸೀಳಿದೆ. ಹೆಂಡತಿ ಬಾಗಿಲಲ್ಲೇ ನಿಂತು, "ಎಷ್ಟು ತೋರಿಸ್ತಿದೆ?" ಅಂದಳು.

"26."

"ಹಾಗಾದ್ರೆ ಮುಟ್ಟಬೇಡಿ, ಅಲ್ಲೇ ಇಡಿ."

ಸೀಳಿದ ಎರಡು ಹೋಳನ್ನೂ ಸಾಲಿನಲ್ಲಿ ಮತ್ತೆ ಸೇರಿಸಿ, ತಗಡು ಸರಿ ಮಾಡಿ ಒಳಗೆ ಬಂದೆ.